ಎಮ್ಯುಲೇಟರ್ ಕೋಡ್‌ನಲ್ಲಿ ಪಿನ್ ನಂಬರ್ ತೆಗೆದು ಹೆಸರು ಇಡಬೇಕು, ಎಲ್ಲಿಂದ ಶುರು ಮಾಡಲಿ?

ಕಣದ ಕಾವಲು, ಸೋಮವಾರಪೇಟೆ

ಎಲ್ಲರಿಗೂ ನಮಸ್ಕಾರ. ನಾವು ಒಂದಷ್ಟು ಜನ ಸೇರಿ ಕಾಫಿ ಕಣಕ್ಕೆ ಮಳೆ ಸೈರನ್ ಮಾಡುತ್ತಿದ್ದೇವೆ. ಕಣದಲ್ಲಿ ಹಣ್ಣು ಹರಡಿರುವಾಗ ಹನಿ ಬಿದ್ದರೆ ಸೈರನ್ ಕೂಗಬೇಕು, ಲೈನ್ ಮನೆಯವರು ಬಂದು ಟಾರ್ಪಾಲ್ ಎಳೆಯಬೇಕು. ಇಷ್ಟೇ ಕೆಲಸ. ಬೋರ್ಡ್ ಆರ್ಡುಯಿನೊ ಯುನೊ, ಅದರೊಳಗೆ ಎಟಿಮೆಗಾ328ಪಿ ಚಿಪ್. ಸೈರನ್ ರಿಲೇ (ಸೈರನ್ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್) 8ನೇ ಪಿನ್‌ಗೆ, ಮಳೆ ಸೆನ್ಸರ್ 2ಕ್ಕೆ, ತೇವ ನೋಡುವ ಸೆನ್ಸರ್ ಎ0ಗೆ ಇದೆ. ಬೋರ್ಡ್ ಮೇಲಿನ ದೀಪ 13.

ಪ್ರತಿ ಸಲ ತೋಟಕ್ಕೆ ಹೋಗಿ ನೀರು ಚಿಮುಕಿಸಿ ನೋಡುವುದು ಆಗದ ಮಾತು. ಅದಕ್ಕೆ ಅದೇ ಹೆಕ್ಸ್ ಫೈಲನ್ನು (ಬೋರ್ಡಿಗೆ ಹಾಕುವ, ಕಂಪೈಲ್ ಆದ ಪ್ರೋಗ್ರಾಂ) ಲ್ಯಾಪ್‌ಟಾಪ್‌ನಲ್ಲಿ ಓಡಿಸುವ ಒಂದು ಪುಟ್ಟ ಎಮ್ಯುಲೇಟರ್ ಇದೆ, ಸಿ ಭಾಷೆಯಲ್ಲಿ. ಬರೆದವರು ಈಗ ನಮ್ಮ ಗುಂಪಿನಲ್ಲಿಲ್ಲ. ಕೋಡ್ ಚೆನ್ನಾಗಿಯೇ ಓಡುತ್ತದೆ, ಆದರೆ ಎಲ್ಲಿ ನೋಡಿದರೂ ಬರೀ ನಂಬರ್. ಓದೋಕೆ ಸುಲಭವಾಗಲಿ ಅಂತ ಕನ್ನಡದಲ್ಲಿ ಬರೆದು ತೋರಿಸುತ್ತೇನೆ, ಫೈಲ್‌ನಲ್ಲಿ ಇಂಗ್ಲಿಷ್ ಅಕ್ಷರವೇ ಇದೆ:

ಪಿನ್ == 13 ಆದರೆ, ದೀಪ = ಬೆಲೆ
ಪಿನ್ == 8 ಆದರೆ, ಸೈರನ್ = ಬೆಲೆ
ಅಕ್ಷರ == 13 ಆದರೆ, ಹೊಸ ಸಾಲು
ವಿಳಾಸ == 5 ಆದರೆ, ಪೋರ್ಟ್ ಬರೆ
ವಿಳಾಸ == ಹೆಕ್ಸ್ 25 ಆದರೆ, ಪೋರ್ಟ್ ಬರೆ

ಎಲ್ಲಾ 13ನ್ನು ಒಂದೇ ಏಟಿಗೆ ಹುಡುಕಿ ದೀಪ_ಪಿನ್ ಅಂತ ಬದಲಾಯಿಸಿಬಿಡೋಣ ಅಂತ ಗುಂಪಿನಲ್ಲಿ ಒಬ್ಬರ ಸಲಹೆ. ಸಾಕಾ, ಅಥವಾ ಬೇರೆ ದಾರಿ ಇದೆಯಾ?

ಮಂಜಿನೂರು, ಮಡಿಕೇರಿ

ದಯವಿಟ್ಟು ಬೇಡ! ನಿಮ್ಮ ಮೂರನೇ ಸಾಲು ನೋಡಿ. ಅಲ್ಲಿರುವ 13 ಪಿನ್ ಅಲ್ಲವೇ ಅಲ್ಲ. ಆಸ್ಕಿ ಪಟ್ಟಿಯಲ್ಲಿ 13 ಅಂದರೆ ಕ್ಯಾರೇಜ್ ರಿಟರ್ನ್, ಎಂಟರ್ ಒತ್ತಿದಾಗ ಬರುವ ಅಕ್ಷರ. ಅದಕ್ಕೂ ದೀಪ_ಪಿನ್ ಅಂತ ಹೆಸರು ಬಿದ್ದರೆ ಕಂಪೈಲರ್ ಚಕಾರ ಎತ್ತುವುದಿಲ್ಲ, ಪ್ರೋಗ್ರಾಂ ಮೊದಲಿನ ಹಾಗೇ ಓಡುತ್ತದೆ. ಮುಂದೆ ಯಾರೋ ದೀಪವನ್ನು ಬೇರೆ ಪಿನ್‌ಗೆ ಸರಿಸುತ್ತಾರೆ. ಅವತ್ತು ಸೀರಿಯಲ್ ಕಿಟಕಿಯಲ್ಲಿ (ಬೋರ್ಡ್ ಕಳಿಸುವ ಅಕ್ಷರ ಕಾಣುವ ಜಾಗ) ಸಾಲು ಮುರಿಯುವುದು ನಿಂತುಹೋಗುತ್ತದೆ. ದೀಪಕ್ಕೂ ಸೀರಿಯಲ್‌ಗೂ ಏನು ಸಂಬಂಧ ಅಂತ ಯಾರಿಗೆ ಹೊಳೆಯುತ್ತದೆ?

ಕಿತ್ತಳೆ ಸಿಪ್ಪೆ, ಪೊನ್ನಂಪೇಟೆ

ನಾನಿನ್ನೂ ಕಲಿಯುತ್ತಿದ್ದೇನೆ, ಪ್ರಶ್ನೆ ಸಿಲ್ಲಿ ಅನಿಸಿದರೆ ಬೈಬೇಡಿ. ಬೋರ್ಡ್ ಮೇಲೇ 13 ಅಂತ ಅಚ್ಚು ಹಾಕಿದ್ದಾರಲ್ಲ? ಎಲ್ಲರಿಗೂ ಗೊತ್ತಿರುವ ನಂಬರ್ ಅದು. ಹೆಸರು ಯಾಕೆ ಬೇಕು?

ಲ್ಯಾಬ್ ಮೇಷ್ಟ್ರು, ಕುಶಾಲನಗರ

ಒಳ್ಳೇ ಪ್ರಶ್ನೆ, ಬೈಯುವಂಥದ್ದೇನಿಲ್ಲ. ಆದರೆ ಆ 13 ಯಾವ ಲೆಕ್ಕದ 13 ಅಂತ ನೋಡಬೇಕಮ್ಮ. ನಮ್ಮ ಒಂದೇ ಮನೆಗೆ ಜಾಗದ ಸರ್ವೆ ನಂಬರ್ ಬೇರೆ, ಪಂಚಾಯಿತಿ ಖಾತೆ ನಂಬರ್ ಬೇರೆ, ಕರೆಂಟ್ ಬಿಲ್ಲಿನ ಆರ್‌ಆರ್ ನಂಬರ್ ಬೇರೆ. ಚಿಪ್ಪಿನ ಒಂದು ಪಿನ್‌ಗೂ ಹಾಗೇ.

ಯುನೊ ಬೋರ್ಡ್ ಮೇಲಿನ 13 ಅಂದರೆ ಚಿಪ್‌ನಲ್ಲಿ ಪೋರ್ಟ್ ಬಿ ಎಂಬ ಪಿನ್ ಗುಂಪಿನ 5ನೇ ಬಿಟ್, ಡೇಟಾಶೀಟಿನಲ್ಲಿ ಪಿಬಿ5. ಉದ್ದನೆಯ 28 ಕಾಲಿನ ಚಿಪ್ ಆದರೆ ಅದು 19ನೇ ಕಾಲು. ಬೋರ್ಡ್ ಮೇಲೆ ಬೆಸುಗೆ ಹಾಕುವ ಚೌಕದ 32 ಕಾಲಿನ ಚಿಪ್ ಆದರೆ 17ನೇ ಕಾಲು. ಹಾಗಾದರೆ 28 ಕಾಲಿನ ಚಿಪ್‌ನ 13ನೇ ಕಾಲಿಗೆ ಏನಿದೆ? ಪಿಡಿ7. ಅದು ಬೋರ್ಡ್ ಮೇಲೆ 7ನೇ ಪಿನ್ ಆಗಿ ಹೊರಗೆ ಬರುತ್ತದೆ.

ಎ0 ಇನ್ನೂ ಮಜಾ. ಡಿಜಿಟಲ್ ಪಿನ್ ಆಗಿ ಅದು 14, ಎಡಿಸಿ (ವೋಲ್ಟೇಜನ್ನು ಸಂಖ್ಯೆ ಮಾಡುವ ಭಾಗ) ಚಾನಲ್ ಆಗಿ 0, ಪೋರ್ಟ್ ಲೆಕ್ಕದಲ್ಲಿ ಪಿಸಿ0, ಕಾಲಿನ ಲೆಕ್ಕದಲ್ಲಿ 23. ನಾಲ್ಕೂ ಸರಿ. ಕೋಡ್‌ನಲ್ಲಿ ಸುಮ್ನೆ 14 ಅಂತ ಇದ್ದರೆ ಓದುವವನು ಬೋರ್ಡಿನ ಎ0 ಅಂದುಕೊಳ್ಳಬಹುದು, ಚಿಪ್ಪಿನ 14ನೇ ಕಾಲು ಅಂತಲೂ ಅಂದುಕೊಳ್ಳಬಹುದು. ಆ ಕಾಲು ಪಿಬಿ0, ಅಂದರೆ ನಮ್ಮ ಸೈರನ್ ಇರುವ 8ನೇ ಪಿನ್.

ವೈರ್‌ಮನ್, ಸಿದ್ದಾಪುರ

ನನಗೆ ಸಿ ಬರೋದಿಲ್ಲ, ಪೆಟ್ಟಿಗೆ ಬಿಚ್ಚಿ ವೈರ್ ಹಾಕೋದು ನನ್ನ ಕೆಲಸ. ಒಂದೇ ಮಾತು. ಕೋಡ್‌ನಲ್ಲಿ ಏನು ಹೆಸರು ಇಡುತ್ತೀರೋ ಅದೇ ಹೆಸರಿನ ಚೀಟಿಯನ್ನು ಪೆಟ್ಟಿಗೆ ಒಳಗೆ ವೈರಿಗೂ ಅಂಟಿಸಿ. ಮಳೆಗಾಲದಲ್ಲಿ ಟಾರ್ಚ್ ಹಿಡಿದು ನಿಂತಾಗ "8" ನೋಡಿ ನನಗೆ ಏನೂ ಗೊತ್ತಾಗಲ್ಲ. "ಸೈರನ್" ಅಂತಿದ್ದರೆ ಗೊತ್ತಾಗುತ್ತೆ.

ಕಣದ ಕಾವಲು, ಸೋಮವಾರಪೇಟೆ

ಅಣ್ಣ, ಅದು ಮಾಡ್ತೇವೆ. ಮೇಷ್ಟ್ರೇ, ಈಗ ತಲೆ ಸ್ವಲ್ಪ ಗಿರ್ ಅಂತಿದೆ. ಹಾಗಾದರೆ ಎಮ್ಯುಲೇಟರ್ ಒಳಗೆ ಯಾವ ಲೆಕ್ಕ ಇಟ್ಟುಕೊಳ್ಳಬೇಕು?

ಮಂಜಿನೂರು, ಮಡಿಕೇರಿ

ಇಲ್ಲೇ ಇರೋದು ವಿಷಯ. ನಿಮ್ಮ ಎಮ್ಯುಲೇಟರ್ ಓಡಿಸುವುದು ಹೆಕ್ಸ್ ಫೈಲ್. ಅದನ್ನು ಓಡಿಸುವ ಚಿಪ್‌ಗೆ "13ನೇ ಪಿನ್" ಎನ್ನುವ ಮಾತೇ ಗೊತ್ತಿಲ್ಲ. ಆರ್ಡುಯಿನೊ ಲೈಬ್ರರಿ ತನ್ನ ಕೋಷ್ಟಕ ನೋಡಿ 13ನ್ನು ಪೋರ್ಟ್ ಮತ್ತು ಬಿಟ್ ಮಾಡುತ್ತದೆ. ಚಿಪ್‌ಗೆ ಕಾಣುವುದು "ಪೋರ್ಟ್ ಬಿಯ 5ನೇ ಬಿಟ್‌ಗೆ 1 ಬರೆ" ಅಷ್ಟೇ. ಹಾಗಾಗಿ ಚಿಪ್ ಅನುಕರಿಸುವ ಭಾಗದಲ್ಲಿ ಬೋರ್ಡ್ ನಂಬರ್ ಒಂದೂ ಇರಬಾರದು. ಇದ್ದರೆ ಅದು ತಪ್ಪು ಮನೆಗೆ ಬಂದ ನೆಂಟ. (ಮೇಷ್ಟ್ರು ಮನೆ ವಿಷಯ ಎತ್ತಿದ್ದಕ್ಕೆ ನನಗೂ ಅದೇ ಬಾಯಿಗೆ ಬಂತು.)

ನಾನಾದರೆ ಮೂರು ಫೈಲ್ ಮಾಡುತ್ತೇನೆ. ಒಂದು ಚಿಪ್ ಫೈಲ್. ಅದಕ್ಕೆ ಗೊತ್ತಿರುವುದು ಪೋರ್ಟ್, ಬಿಟ್, ರಿಜಿಸ್ಟರ್ (ಚಿಪ್ಪಿನೊಳಗೆ ಬೆಲೆ ಇಡುವ ಪುಟ್ಟ ಜಾಗ) ವಿಳಾಸ ಮಾತ್ರ. ಇನ್ನೊಂದು ಬೋರ್ಡ್ ಫೈಲ್, ಯುನೊದ 13 ಅಂದರೆ ಪಿಬಿ5 ಅಂತ ಹೇಳುವ ಕೋಷ್ಟಕ. ಮೂರನೆಯದು ಕಣದ ಫೈಲ್. ಸೈರನ್_ರಿಲೇ = 8, ಮಳೆ_ಸೆನ್ಸರ್ = 2 ಅಂತ ಕೆಲಸದ ಹೆಸರು ಇರುವುದು ಅಲ್ಲಿ ಮಾತ್ರ. ನಾಳೆ ವೈರ್‌ಮನ್ ಅಣ್ಣ ಸೈರನ್ ವೈರನ್ನು 8ರಿಂದ 9ಕ್ಕೆ ಹಾಕಿದರೆ ಬದಲಾಗುವುದು ಕಣದ ಫೈಲ್‌ನ ಒಂದು ಸಾಲು. ಚಿಪ್ ಫೈಲ್‌ಗೆ ಸುದ್ದಿಯೇ ಗೊತ್ತಾಗಬಾರದು.

ನಿಮ್ಮ ನಾಲ್ಕನೇ ಮತ್ತು ಐದನೇ ಸಾಲಿಗೂ ಒಂದು ಮಾತು. 5 ಮತ್ತು ಹೆಕ್ಸ್ 25 (ಹದಿನಾರರ ಲೆಕ್ಕದ 25) ಎರಡೂ ಪೋರ್ಟ್ ಬಿ ರಿಜಿಸ್ಟರೇ. ಎಸ್‌ಬಿಐ (ಬಿಟ್ 1 ಮಾಡು), ಸಿಬಿಐ (ಬಿಟ್ 0 ಮಾಡು), ಔಟ್ ಥರದ ಚಿಪ್ ಸೂಚನೆಗಳು ಐಒ ವಿಳಾಸ ಬಳಸುತ್ತವೆ, ಅದರಲ್ಲಿ ಅದು 5. ಎಸ್‌ಟಿಎಸ್ ಥರದವು ಡೇಟಾ ಮೆಮೊರಿ ವಿಳಾಸ ಬಳಸುತ್ತವೆ, ಅದರಲ್ಲಿ ಹೆಕ್ಸ್ 25. ನಡುವಿನ ವ್ಯತ್ಯಾಸ ಯಾವಾಗಲೂ ಹೆಕ್ಸ್ 20. ದೀಪ ಹೊತ್ತಿಸುವ ಸೂಚನೆ ಹೀಗಿರಬಹುದು: ಎಸ್‌ಬಿಐ 5, 5. ಮೊದಲ 5 ರಿಜಿಸ್ಟರ್ ವಿಳಾಸ, ಎರಡನೇ 5 ಬಿಟ್. ಅಕ್ಕಪಕ್ಕ ಕೂತಿವೆ, ಸಂಬಂಧವೇ ಇಲ್ಲ. ಇಂಥ ಕಡೆ ಹೆಸರಿಲ್ಲದೆ ಓದುವುದು ಹೇಗೆ?

ಐಒ_ಇಂದ_ಡೇಟಾ = ಹೆಕ್ಸ್ 20 ಅಂತ ಒಂದು ಹೆಸರು ಮಾಡಿ. ಸೂಚನೆ ಬಿಡಿಸುವ ಜಾಗದಲ್ಲೇ ಅದನ್ನು ಕೂಡಿಸಿ. ಅಲ್ಲಿಂದ ಒಳಗೆ ಎಲ್ಲಾ ಕಡೆ ಡೇಟಾ ವಿಳಾಸವೇ ಓಡಾಡಲಿ. ಆಗ ಪೋರ್ಟ್‌ಬಿ_ವಿಳಾಸ ಅಂತ ಒಂದೇ ಹೆಸರು ಸಾಕು.

ಹಳೇ ಚಿಪ್, ವಿರಾಜಪೇಟೆ

ನಾನು ಝಡ್80 ಕಡೆಯವನು. 1976ರ ಚಿಪ್, 40 ಕಾಲು. ಅಲ್ಲಿ ಕಾಲಿನ ನಂಬರ್ ಹಿಡಿದು ಕೋಡ್ ಬರೆಯಲು ಕೂತರೆ ಹುಚ್ಚು ಹಿಡಿಯುತ್ತದೆ. ವಿಳಾಸದ ಲೈನ್ ಎ0 (ಯುನೊದ ಎ0 ಅಲ್ಲ) 30ನೇ ಕಾಲಿನಲ್ಲಿ ಶುರುವಾಗಿ ಎ10 40ರಲ್ಲಿ ಮುಗಿಯುತ್ತದೆ, ಎ11 ವಾಪಸ್ 1ನೇ ಕಾಲಿಗೆ ಹೋಗುತ್ತದೆ. ಡೇಟಾ ಲೈನ್‌ಗಳು ಅದಕ್ಕಿಂತ ಕಡೆ. 7ರಿಂದ ನೋಡಿದರೆ ಡಿ4, ಡಿ3, ಡಿ5, ಡಿ6, ಮಧ್ಯೆ 11ರಲ್ಲಿ 5 ವೋಲ್ಟ್, ಆಮೇಲೆ ಡಿ2, ಡಿ7, ಡಿ0, ಡಿ1. ನಿಮ್ಮ ಪ್ರೀತಿಯ 13ನೇ ಕಾಲು ಇಲ್ಲಿ ಡಿ7.

ಅದಕ್ಕೇ ಕೆಲವು ಝಡ್80 ಎಮ್ಯುಲೇಟರ್‌ಗಳಲ್ಲಿ ಎಲ್ಲಾ ಪಿನ್‌ಗಳನ್ನು ಒಂದೇ 64 ಬಿಟ್ ಸಂಖ್ಯೆಯಲ್ಲಿ ತುಂಬಿ, ಪ್ರತಿ ಕ್ಲಾಕಿಗೆ ಆಚೀಚೆ ಕಳಿಸುತ್ತಾರೆ. ಯಾವ ಬಿಟ್ ಯಾವ ಸಿಗ್ನಲ್ ಅನ್ನುವುದನ್ನು ಬರೆಯುವವರೇ ತೀರ್ಮಾನಿಸುತ್ತಾರೆ. ವಿಳಾಸವನ್ನು 0ರಿಂದ 15, ಡೇಟಾವನ್ನು 16ರಿಂದ 23ರಲ್ಲಿ ಸಾಲಾಗಿ ಇಟ್ಟರೆ ಕೆಳಗಿನ 16 ಬಿಟ್ ಕತ್ತರಿಸಿದಾಗ ಪೂರ್ತಿ ವಿಳಾಸ ಕೈಗೆ ಬರುತ್ತದೆ. ಕಾಲಿನ ನಂಬರ್ ಕೋಡ್‌ನಲ್ಲಿ ಎಲ್ಲೂ ಬರುವುದಿಲ್ಲ. ಎಂಆರ್‌ಇಕ್ಯೂ (ಮೆಮೊರಿ ಬೇಕು), ಆರ್‌ಡಿ (ಓದು), ಡಬ್ಲ್ಯುಆರ್ (ಬರೆ) ಅಂತ ಸಿಗ್ನಲ್ ಹೆಸರು ಮಾತ್ರ.

ಒಂದು ಎಚ್ಚರಿಕೆ. ಹೆಸರು ಬಿಟ್ ನಂಬರಿನದೋ ಮಾಸ್ಕಿನದೋ ಅಂತ ಹೆಸರಿನಲ್ಲೇ ಗೊತ್ತಾಗಬೇಕು. ಮಾಸ್ಕ್ ಅಂದರೆ ಆ ಬಿಟ್ ಒಂದೇ 1 ಆಗಿರುವ ಸಂಖ್ಯೆ, 5ನೇ ಬಿಟ್‌ನ ಮಾಸ್ಕ್ 32. ಎರಡಕ್ಕೂ ದೀಪ ಅಂತ ಹೆಸರಿಟ್ಟರೆ ಒಂದಲ್ಲ ಒಂದು ದಿನ ಯಾರೋ 32ನೇ ಬಿಟ್ ಹುಡುಕುತ್ತಾರೆ. ದೀಪ_ಬಿಟ್, ದೀಪ_ಮಾಸ್ಕ್ ಅಂತ ಬೇರೆ ಮಾಡಿ.

ಕಿತ್ತಳೆ ಸಿಪ್ಪೆ, ಪೊನ್ನಂಪೇಟೆ

ಈಗ ಅರ್ಥವಾಯಿತು ಸರ್. ಸಿಯಲ್ಲಿ ನಂಬರಿಗೆ ಹೆಸರಿಡಲು ಡಿಫೈನ್ ಬಳಸಬೇಕಾ, ಎನಮ್ ಬಳಸಬೇಕಾ, ಕಾನ್‌ಸ್ಟ್ ಬಳಸಬೇಕಾ? ನಮಗೆ ಕ್ಲಾಸಿನಲ್ಲಿ ಎಲ್ಲದಕ್ಕೂ ಡಿಫೈನ್ ಅಂತ ಹೇಳಿಕೊಟ್ಟಿದ್ದು.

ಲ್ಯಾಬ್ ಮೇಷ್ಟ್ರು, ಕುಶಾಲನಗರ

ಡಿಫೈನ್ ಕೆಟ್ಟದ್ದೇನಲ್ಲ. ಆದರೆ ಅದು ಕಂಪೈಲ್ ಆಗುವ ಮೊದಲೇ ಹೆಸರನ್ನು ಅಳಿಸಿ ನಂಬರ್ ಕೂರಿಸಿಬಿಡುತ್ತದೆ. ಸಾಮಾನ್ಯವಾಗಿ ಡೀಬಗರ್‌ನಲ್ಲಿ ಮತ್ತೆ ಬರೀ 13 ನೋಡುತ್ತೀರಿ. ಎನಮ್ ಆದರೆ ಡೀಬಗರ್ ಹೆಸರನ್ನೇ ತೋರಿಸಬಹುದು, ಜೊತೆಗೆ ಸಂಬಂಧಪಟ್ಟ ಹೆಸರುಗಳು ಒಂದೇ ಕಡೆ ಗುಂಪಾಗಿ ಇರುತ್ತವೆ. ಪಿನ್‌ಗಳಿಗೆ ನನ್ನ ಓಟು ಎನಮ್‌ಗೆ. ವೇಗದ ಚಿಂತೆ ಬೇಡ, ಇಂಥ ಸ್ಥಿರ ಸಂಖ್ಯೆಗೆ ಮೂರರಲ್ಲೂ ವ್ಯತ್ಯಾಸ ಗೊತ್ತಾಗುವಷ್ಟು ಇರುವುದಿಲ್ಲ.

ಮಂಜಿನೂರು, ಮಡಿಕೇರಿ

ಎನಮ್ ಒಪ್ಪಿದೆ, ಆದರೆ ಸಿ ಭಾಷೆಯಲ್ಲಿ ಎನಮ್ ಜಾಸ್ತಿ ಕಾವಲು ಕಾಯುವುದಿಲ್ಲ. ಎವಿಆರ್ (ನಮ್ಮ ಚಿಪ್‌ನ ಕುಟುಂಬ) ಹೆಡರ್ ಫೈಲ್‌ನಲ್ಲೇ ನೋಡಿ, ಪಿಬಿ5 ಅಂದರೆ ಸುಮ್ನೆ 5. ಪೋರ್ಟ್ ಸಿಗೆ ಬರೆಯುವಾಗ ಬಿಟ್ ಜಾಗದಲ್ಲಿ ಪಿಬಿ5 ಕೊಟ್ಟರೂ ಕಂಪೈಲರ್ ಸರಿ ಅನ್ನುತ್ತದೆ. ಹೆಸರಿನಲ್ಲಿ "ಬಿ" ಇದೆ, ಬೆಲೆಯಲ್ಲಿ ಇಲ್ಲ.

ಗಟ್ಟಿಯಾಗಿ ಬೇಕು ಅಂದರೆ ಬೋರ್ಡ್ ಪಿನ್‌ಗೆ ಒಂದು ಸ್ಟ್ರಕ್ಟ್ (ಬೆಲೆಗಳನ್ನು ಕಟ್ಟಿಡುವ ಸ್ವಂತ ಟೈಪ್), ಚಿಪ್ ಪಿನ್‌ಗೆ ಇನ್ನೊಂದು ಸ್ಟ್ರಕ್ಟ್ ಮಾಡಿ. ಬೋರ್ಡ್ ಪಿನ್‌ನಲ್ಲಿ ಒಂದೇ ಸಂಖ್ಯೆ, ಚಿಪ್ ಪಿನ್‌ನಲ್ಲಿ ಪೋರ್ಟ್ ಮತ್ತು ಬಿಟ್ ಎರಡೂ. ಒಂದರ ಜಾಗಕ್ಕೆ ಇನ್ನೊಂದು ಕೊಟ್ಟರೆ ಕಂಪೈಲ್ ಆಗುವುದೇ ಇಲ್ಲ. ಟೈಪ್‌ಡೆಫ್ ಮಾತ್ರ ಸಾಲದು, ಅದು ಇಂಟ್‌ಗೆ ಇನ್ನೊಂದು ಹೆಸರು ಕೊಡುತ್ತದೆ ಅಷ್ಟೇ.

ಹಳೇ ಚಿಪ್, ವಿರಾಜಪೇಟೆ

ಇಷ್ಟು ಪುಟ್ಟ ಎಮ್ಯುಲೇಟರ್‌ಗೆ ಸ್ಟ್ರಕ್ಟ್ ಎಲ್ಲಾ ಸ್ವಲ್ಪ ಅತಿ ಅನಿಸುತ್ತೆ ನನಗೆ. ಅದಕ್ಕಿಂತ ದೊಡ್ಡ ಕಾಟ ಇನ್ನೊಂದಿದೆ. ಈ ಕೆಲಸಕ್ಕೆ ಇಳಿದವರು ಸಿಕ್ಕಿದ್ದಕ್ಕೆಲ್ಲಾ ಹೆಸರಿಡುತ್ತಾರೆ. ಹದಿಮೂರು = 13. ಪಿನ್_8 = 8. ಎಂಟು_ಬಿಟ್ = 8. ಇದರಿಂದ ಯಾರಿಗೆ ಏನು ಗೊತ್ತಾಯಿತು? ಸೈರನ್ 9ಕ್ಕೆ ಹೋದ ದಿನ ಪಿನ್_8 = 9 ಅಂತ ಬರೆದು ಕೂರಬೇಕು. ಅದಕ್ಕಿಂತ ನಂಬರೇ ವಾಸಿ.

ಮಂಜಿನೂರು, ಮಡಿಕೇರಿ

ಪಿನ್_8 ವಿಷಯದಲ್ಲಿ ನೂರಕ್ಕೆ ನೂರು ಒಪ್ಪಿದೆ. ಸ್ಟ್ರಕ್ಟ್ ವಿಷಯದಲ್ಲಿ ಒಪ್ಪಲಾರೆ. ಒಂದೇ ಬೋರ್ಡ್ ಇದ್ದರೆ ನೀವು ಹೇಳಿದ್ದು ಸರಿ. ಎರಡನೇ ಬೋರ್ಡ್ ಬರಲಿ, ಆಗ ನೋಡೋಣ.

ಕಣದ ಕಾವಲು, ಸೋಮವಾರಪೇಟೆ

ಎರಡನೇ ಬೋರ್ಡ್ ಬರುವ ಹಾಗೇ ಇದೆ, ಅದನ್ನು ಆಮೇಲೆ ಕೇಳುತ್ತೇನೆ. ಅದಕ್ಕೆ ಮೊದಲು ಇನ್ನೊಂದು. ಎಮ್ಯುಲೇಟರ್ ಶುರು ಮಾಡಿದ ಕೂಡಲೇ ಪರದೆಯಲ್ಲಿ ಸೈರನ್ ಆನ್ ಅಂತ ತೋರಿಸುತ್ತದೆ. ನಿಜವಾದ ಪೆಟ್ಟಿಗೆಯಲ್ಲಿ ಹಾಗಾಗುವುದಿಲ್ಲ. ರಿಲೇ ಹಲಗೆ ಇನ್‌ಪುಟ್‌ಗೆ 0 ಕೊಟ್ಟರೆ ಆನ್ ಆಗುವ ಜಾತಿ. ಇದಕ್ಕೂ ಈ ನಂಬರ್ ಕಥೆಗೂ ಸಂಬಂಧ ಇದೆಯಾ?

ಮಂಜಿನೂರು, ಮಡಿಕೇರಿ

ಇದೆ. ಪಿನ್‌ಗೆ ಹೆಸರಿಟ್ಟರೂ ಮಟ್ಟಕ್ಕೆ ಇನ್ನೂ ಹೆಸರಿಲ್ಲ ನಿಮ್ಮಲ್ಲಿ. ಅಲ್ಲಿ ಬರೀ 0 ಮತ್ತು 1 ಇದೆ. ಕಣದ ಫೈಲ್‌ನಲ್ಲಿ ಸೈರನ್_ಕೂಗು = 0, ಸೈರನ್_ಸುಮ್ಮನೆ = 1 ಅಂತ ಬರೆದುಬಿಡಿ. ರಿಲೇ ಹಲಗೆ ಬದಲಾದರೆ ಎರಡು ಸಾಲು ತಿದ್ದಿದರೆ ಆಯಿತು.

ಶುರುವಿನಲ್ಲಿ ಆನ್ ತೋರಿಸುವುದಕ್ಕೆ ಕಾರಣ ಬೇರೆ. ರೀಸೆಟ್ ಆದಾಗ ಎವಿಆರ್ ಪಿನ್‌ಗಳೆಲ್ಲಾ ಇನ್‌ಪುಟ್ ಆಗಿರುತ್ತವೆ. ಚಿಪ್ ಆಗ 0 ಕೂಡ ಕೊಡುತ್ತಿಲ್ಲ, 1 ಕೂಡ ಕೊಡುತ್ತಿಲ್ಲ, ಕೈ ಬಿಟ್ಟಿರುತ್ತದೆ. ನಿಮ್ಮ ಎಮ್ಯುಲೇಟರ್ ಅದನ್ನು 0 ಅಂತ ಹಿಡಿದಿದೆ. ಮೂರನೇ ಸ್ಥಿತಿ ಬೇಕು: ಮಟ್ಟ_0, ಮಟ್ಟ_1, ಮಟ್ಟ_ಬಿಟ್ಟಿದೆ. ಬಿಟ್ಟಿರುವಾಗ ರಿಲೇ ಆಫ್.

ಮೂರನೇ ಸ್ಥಿತಿ ಸೇರಿಸಿದ ಮೇಲೆ ಇನ್ನೊಂದು ಸಣ್ಣ ಮಿಂಚು ಕಾಣಬಹುದು. ಕಣದ ಪ್ರೋಗ್ರಾಂ ಮೊದಲು ಪಿನ್ ಮೋಡ್ ಔಟ್‌ಪುಟ್ ಮಾಡಿ, ಆಮೇಲೆ 1 ಬರೆಯುತ್ತಿದ್ದರೆ ನಡುವಿನ ಗಳಿಗೆಯಲ್ಲಿ ಪಿನ್ 0 ಆಗಿರುತ್ತದೆ. ಅದು ನಿಜವಾದ ಪೆಟ್ಟಿಗೆಯಲ್ಲೂ ಆಗುವಂಥದ್ದು. ಮೊದಲು 1 ಬರೆದು ಆಮೇಲೆ ಔಟ್‌ಪುಟ್ ಮಾಡಿದರೆ ಸರಿಹೋಗುತ್ತದೆ.

ವೈರ್‌ಮನ್, ಸಿದ್ದಾಪುರ

ಓಹೋ, ಕರೆಂಟ್ ಬಂದಾಗಲೆಲ್ಲಾ ಒಂದು "ಟಿಕ್" ಕೇಳಿಸುತ್ತಿತ್ತು. ರಿಲೇ ಹಾಳಾಗಿದೆ ಅಂತ ಹೊಸದು ತರಲು ಹೇಳಿದ್ದರು.

ಲ್ಯಾಬ್ ಮೇಷ್ಟ್ರು, ಕುಶಾಲನಗರ

ತರಬೇಡಿ, ಮೊದಲು ಆ ಎರಡು ಸಾಲು ಮೇಲೆ ಕೆಳಗೆ ಮಾಡಿ ನೋಡಲಿ.

ಕಾವಲು ಅವರೇ, ಬದಲಾವಣೆ ಸರಿಯಾಯಿತಾ ಅಂತ ನೋಡಲು ಒಂದು ದಾರಿ ಹೇಳುತ್ತೇನೆ. ಈಗಿನ ಕೋಡನ್ನು ಡೀಬಗ್ ಮಾಹಿತಿ ಇಲ್ಲದೆ ಕಂಪೈಲ್ ಮಾಡಿ ಆಬ್ಜೆಕ್ಟ್ ಫೈಲ್ (ಕಂಪೈಲರ್ ಕೊಡುವ ಫೈಲ್) ಎತ್ತಿಡಿ. ಹೆಸರು ಹಾಕಿದ ಮೇಲೆ ಅದೇ ಕಂಪೈಲರ್, ಅದೇ ಆಯ್ಕೆಗಳಲ್ಲಿ ಮತ್ತೆ ಮಾಡಿ ಎರಡನ್ನೂ ಹೋಲಿಸಿ. ನಂಬರ್ ಜಾಗಕ್ಕೆ ಅದೇ ಬೆಲೆಯ ಹೆಸರು ಮಾತ್ರ ಬಂದಿದ್ದರೆ ಬೈಟ್‌ಗೆ ಬೈಟ್ ಒಂದೇ ಇರಬೇಕು. ಅಸರ್ಟ್ (ತಪ್ಪು ಕಂಡರೆ ಪ್ರೋಗ್ರಾಂ ನಿಲ್ಲಿಸುವ ಸಾಲು) ಇದ್ದರೆ ಅದು ಸಾಲಿನ ನಂಬರನ್ನೂ ಒಳಗೆ ಬರೆಯುತ್ತದೆ, ಹೋಲಿಸುವಾಗ ಅದನ್ನು ಆಫ್ ಮಾಡಿ. ದಿನಾಂಕ, ಸಮಯದ ಮ್ಯಾಕ್ರೊ ಇದ್ದರೂ ಹಾಗೇ. ಸ್ಟ್ರಕ್ಟ್, ಮೂರನೇ ಸ್ಥಿತಿ ಇವನ್ನೆಲ್ಲಾ ಇದರ ಜೊತೆ ಬೆರೆಸಬೇಡಿ. ಮೊದಲು ಬರೀ ಹೆಸರು.

ಹಳೇ ಚಿಪ್, ವಿರಾಜಪೇಟೆ

ಮೇಷ್ಟ್ರೇ, ಆ ಪರೀಕ್ಷೆ ಮೇಲಿನ ಎಂಟರ್ ಕೀ ತಪ್ಪನ್ನು ಹಿಡಿಯುವುದಿಲ್ಲವಲ್ಲ? ದೀಪ_ಪಿನ್ ಕೂಡ 13, ಕ್ಯಾರೇಜ್ ರಿಟರ್ನ್ ಕೂಡ 13. ತಪ್ಪು ಹೆಸರಿಟ್ಟರೂ ಫೈಲ್ ಒಂದೇ ಬರುತ್ತದೆ.

ಲ್ಯಾಬ್ ಮೇಷ್ಟ್ರು, ಕುಶಾಲನಗರ

ಭಲೇ. ಹಿಡಿಯುವುದಿಲ್ಲ. ಅದಕ್ಕೆ ಎರಡನೇ ಪರೀಕ್ಷೆ. ಹೆಸರೆಲ್ಲಾ ಇಟ್ಟಾದ ಮೇಲೆ ಒಂದೊಂದರ ಬೆಲೆಯನ್ನು ಬೇಕಂತಲೇ ಕೆಡಿಸಿ. ದೀಪ_ಪಿನ್ 13 ಇದ್ದಿದ್ದನ್ನು 12 ಮಾಡಿ ಓಡಿಸಿ. ಪರದೆಯಲ್ಲಿ ದೀಪ ಮಾತ್ರ ಕೆಡಬೇಕು. ಸೀರಿಯಲ್ ಕಿಟಕಿಯೋ ಸೈರನ್ನೋ ಜೊತೆಗೆ ಕೆಟ್ಟರೆ, ಆ ಹೆಸರು ಎಲ್ಲೋ ಇರಬಾರದ ಜಾಗದಲ್ಲಿ ಕೂತಿದೆ. ಅದೇ ರೀತಿ ಬದಲಾಯಿಸಿದರೂ ಏನೂ ಕೆಡದಿದ್ದರೆ ಇನ್ನೆಲ್ಲೋ ಬರೀ 13 ಉಳಿದಿದೆ ಅಂತ ಅರ್ಥ. ಮೊದಲ ಪರೀಕ್ಷೆ ಬೆಲೆ ಕೆಟ್ಟಿಲ್ಲ ಅನ್ನುತ್ತದೆ, ಇದು ಹೆಸರು ಸರಿ ಅನ್ನುತ್ತದೆ. ಎರಡೂ ಬೇಕು.

ಕಣದ ಕಾವಲು, ಸೋಮವಾರಪೇಟೆ

ಇದು ಸಕ್ಕತ್ ಐಡಿಯಾ ಮೇಷ್ಟ್ರೇ. ಈಗ ಎರಡನೇ ಬೋರ್ಡ್ ಕಥೆ. ಪಕ್ಕದ ತೋಟದವರಿಗೆ ಕಣ ಜಾಸ್ತಿ, ಅವರು ಮೆಗಾ 2560 ಬೋರ್ಡ್ ತಂದಿದ್ದಾರೆ. ಪಿನ್ ನಂಬರ್ ಅದೇ 2, 8, 13 ಇಟ್ಟುಕೊಂಡರೆ ಬೋರ್ಡ್ ಫೈಲ್ ಹಾಗೇ ಬಿಡಬಹುದಾ?

ಮಂಜಿನೂರು, ಮಡಿಕೇರಿ

ಇಲ್ಲ ಕಣ್ರೀ. ಅಚ್ಚಾದ ನಂಬರ್ ಮಾತ್ರ ಅದೇ, ಒಳಗೆ ಪೂರ್ತಿ ಬೇರೆ. ಮೆಗಾದಲ್ಲಿ 13 ಅಂದರೆ ಪಿಬಿ7. 8 ಅಂದರೆ ಪಿಎಚ್5. ಯುನೊ ಚಿಪ್‌ನಲ್ಲಿ ಪೋರ್ಟ್ ಎಚ್ ಅನ್ನುವುದೇ ಇಲ್ಲ. ಅದರ ರಿಜಿಸ್ಟರ್ ಡೇಟಾ ವಿಳಾಸ ಹೆಕ್ಸ್ 102, ಐಒ ವಿಳಾಸದ ವ್ಯಾಪ್ತಿಯಿಂದಲೇ ಹೊರಗೆ. ಎಲ್ಲದಕ್ಕೂ ಡೇಟಾ ವಿಳಾಸ ಇಟ್ಟುಕೊಳ್ಳಿ ಅಂದಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಮಳೆ ಸೆನ್ಸರ್ ಇಂಟರಪ್ಟ್ (ಪಿನ್ ಬದಲಾದ ಕೂಡಲೇ ಚಿಪ್ಪನ್ನು ಕರೆಯುವ ವ್ಯವಸ್ಥೆ) ಬಗ್ಗೆ ಹುಷಾರು. ಯುನೊದಲ್ಲಿ 2ನೇ ಪಿನ್ ಪಿಡಿ2, ಅದು ಚಿಪ್‌ನ ಐಎನ್‌ಟಿ0. ಮೆಗಾದಲ್ಲಿ 2ನೇ ಪಿನ್ ಪಿಇ4, ಅದು ಐಎನ್‌ಟಿ4. ಆರ್ಡುಯಿನೊ ಎರಡು ಕಡೆಯೂ ಅದನ್ನು "ಇಂಟರಪ್ಟ್ 0" ಅಂತಲೇ ಕರೆಯುತ್ತದೆ. ಹೆಕ್ಸ್ ಫೈಲ್‌ಗೆ ಕಾಣುವುದು ಚಿಪ್ಪಿನ ಹೆಸರು. ಎಮ್ಯುಲೇಟರ್‌ನಲ್ಲಿ ಇಂಟರಪ್ಟ್ 0 ಅಂತ ಬರೀ 0 ಇದ್ದರೆ ಪರದೆಯಲ್ಲಿ ಪಕ್ಕದ ತೋಟದ ಸೈರನ್ ಎಷ್ಟು ಮಳೆ ಬಂದರೂ ಕೂಗುವುದಿಲ್ಲ. ಲಿಯೊನಾರ್ಡೊ ಬೋರ್ಡಿನಲ್ಲಂತೂ ಇಂಟರಪ್ಟ್ 0 ಇರುವುದು 3ನೇ ಪಿನ್‌ಗೆ.

ಇದು ಆರ್ಡುಯಿನೊ ಒಂದರ ಹಣೆಬರಹವಲ್ಲ. ರಾಸ್ಪ್‌ಬೆರಿ ಪೈ (ಅಂಗೈ ಅಗಲದ ಕಂಪ್ಯೂಟರ್) 2012ರಲ್ಲಿ ಬೋರ್ಡಿನ ಎರಡನೇ ಆವೃತ್ತಿ ತಂದಾಗ ಪಿನ್ ಸಾಲಿನ 13ನೇ ಪಿನ್ ಚಿಪ್ ಲೆಕ್ಕದಲ್ಲಿ ಜಿಪಿಐಒ 21 ಇದ್ದಿದ್ದು ಜಿಪಿಐಒ 27 ಆಯಿತು. ವೈರ್ ಅದೇ ತೂತಿನಲ್ಲಿದ್ದರೂ ನಂಬರ್ ಬದಲಾಯಿತು. ಹಳೇ ಚಿಪ್ ಅವರೇ, ಈಗ ಸ್ಟ್ರಕ್ಟ್ ಬಗ್ಗೆ ಏನಂತೀರಿ?

ಹಳೇ ಚಿಪ್, ವಿರಾಜಪೇಟೆ

ಎರಡು ಬೋರ್ಡ್ ಅಂದಮೇಲೆ ಹಾಕಿ ಮಾರಾಯ್ರೆ. ಪಿನ್_8 ಅಂತ ಮಾತ್ರ ಎಲ್ಲೂ ಕಾಣಬಾರದು.

ಕಿತ್ತಳೆ ಸಿಪ್ಪೆ, ಪೊನ್ನಂಪೇಟೆ

ಇದರಲ್ಲಿ ಒಂದು ಭಾಗ ನನಗೆ ಕೊಡುತ್ತೀರಾ ಕಾವಲು ಅಣ್ಣ? ಚಿಕ್ಕದು ಸಾಕು.

ಕಣದ ಕಾವಲು, ಸೋಮವಾರಪೇಟೆ

ಖಂಡಿತ. ಎಡಿಸಿ ಫೈಲ್ ನೀವೇ ತಗೊಳ್ಳಿ, ತೇವದ ಸೆನ್ಸರ್ ಇರುವುದು ಅಲ್ಲೇ. ಅದರೊಳಗೆ ಎ0 ಬದಲಿಗೆ ಒಂದು ಕಡೆ 14 ಇದೆ, ಇನ್ನೊಂದು ಕಡೆ 0 ಇದೆ. ಎರಡೂ ಯುನೊದಲ್ಲಿ ನಡೆಯುತ್ತದೆ, 14 ಬಂದರೆ ಲೈಬ್ರರಿ 14 ಕಳೆದು ಚಾನಲ್ ಮಾಡಿಕೊಳ್ಳುತ್ತದೆ. ಮೆಗಾದಲ್ಲಿ ಎ0 ಅಂದರೆ 54. ಮಂಜಿನೂರು ಹೇಳಿದ ಲೆಕ್ಕದಲ್ಲಿ ಚಿಪ್ ಫೈಲ್‌ಗೆ ಬರಬೇಕಾದ್ದು ಚಾನಲ್ 0 ಮಾತ್ರ, 14 ಮತ್ತು 54 ಬೋರ್ಡ್ ಫೈಲ್‌ಗೆ ಹೋಗಬೇಕು. ಮೊದಲು ಯುನೊಗೆ ಮಾಡಿ ಕಳಿಸಿ, ಮೇಷ್ಟ್ರು ಹೇಳಿದ ಎರಡೂ ಪರೀಕ್ಷೆ ಮಾಡಿ ಸೇರಿಸುತ್ತೇನೆ. ಮೆಗಾ ಕೋಷ್ಟಕ ನಾನು ಬರೆಯುತ್ತೇನೆ. ಸೈರನ್ ಚೀಟಿ ವೈರ್‌ಮನ್ ಅಣ್ಣನಿಗೆ ಈ ವಾರ ತಲುಪಿಸುತ್ತೇನೆ.